ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಲಗೋರಿ ಆಡುವ ಹುಡುಗರ ಗುಂಪಿನಲ್ಲಿ ಒಬ್ಬ ಚಿಕ್ಕವ ಇದ್ದೇ ಇರುತ್ತಾನೆ. ಅಣ್ಣನ ಬೆನ್ನುಹತ್ತಿ ಬಂದವನು. ಬಿಟ್ಟು ಆಡಿದರೆ ಅಳುತ್ತಾನೆ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಇದಕ್ಕೆ ಹುಡುಗರೇ ಕಂಡುಕೊಂಡ ಉಪಾಯ 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಅವನು ಓಡಬಹುದು, ಚೆಂಡು ಎಸೆಯಬಹುದು, ಔಟಾದರೂ ಔಟಲ್ಲ. ದೊಡ್ಡವರು ಈ ಮಾತನ್ನು ಬೈಗುಳದಂತೆ ಬಳಸಿ ಅದರ ಅರ್ಥ ಕೆಡಿಸಿದ್ದಾರೆ. ಮೂಲದಲ್ಲಿ ಅದು ಮಕ್ಕಳ ದೊಡ್ಡ ಮನಸ್ಸಿನಿಂದ ಹುಟ್ಟಿದ ಮಾತು.

ಆದರೆ ಅದೇ ಗುಂಪಿನಿಂದ ಹತ್ತು ಹೆಜ್ಜೆ ಆಚೆ, ಜಗಲಿಯ ಮೇಲೆ ಇನ್ನೊಂದು ಮಗು ಕೂತಿರುತ್ತದೆ. ಅದು ಗಾಲಿಕುರ್ಚಿಯಲ್ಲಿರಬಹುದು, ಅದಕ್ಕೆ ಕಣ್ಣು ಕಾಣದಿರಬಹುದು, ಕಿವಿ ಕೇಳದಿರಬಹುದು, ಗಲಾಟೆ ಎಂದರೆ ಬೆದರುವ ಸ್ವಭಾವವಿರಬಹುದು. ಆ ಮಗು ಲೆಕ್ಕಕ್ಕೆ ಇರಲಿ, ಆಟಕ್ಕೂ ಇಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಮಕ್ಕಳೂ ಇದ್ದಾರೆ. ಸಂಜೆ ಹೊತ್ತು ಪಾರ್ಕಿನಲ್ಲಿ ಮಾತ್ರ ಅವರು ಕಾಣಸಿಗುವುದು ಅಪರೂಪ. ಏಕೆ ಎಂಬ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಶಿವಮೊಗ್ಗ ಮತ್ತು ಭದ್ರಾವತಿಯನ್ನು ಒಂದು ಸುತ್ತು ಹಾಕಿದರೆ ಉತ್ತರ ಸಿಗುತ್ತದೆ. ಪರಿಹಾರಕ್ಕೆ ಬೇಕಾದ ಸಾಮಾನು, ಕೆಲಸ ಬಲ್ಲ ಕೈಗಳು ಕೂಡ ಅಲ್ಲೇ ಸಿಗುತ್ತವೆ.

ತುಂಗೆಯ ದಂಡೆಯ ಊರು

ಮಲೆನಾಡಿನ ಹೆಬ್ಬಾಗಿಲು ಎಂದು ಕರೆಸಿಕೊಳ್ಳುವ ಶಿವಮೊಗ್ಗಕ್ಕೆ ಬಯಲಿನ ಕೊರತೆ ಇಲ್ಲ. ನಗರದ ನಡುವೆ ಗಾಂಧಿ ಪಾರ್ಕ್ ಇದೆ. ಜೈಲು ಸೋಗಾನೆಗೆ ಹೋದ ಮೇಲೆ ಅದರ ಹಳೆಯ ಜಾಗ ಫ್ರೀಡಂ ಪಾರ್ಕ್ ಆಯಿತು. ಆ ಬಯಲಿಗೆ ಇದೇ ಜಿಲ್ಲೆಯ ಬಳ್ಳಿಗಾವಿಯ ಅಲ್ಲಮಪ್ರಭುವಿನ ಹೆಸರಿಡುವುದಾಗಿ 2024ರಲ್ಲಿ ಪ್ರಕಟಿಸಲಾಯಿತು. ಒಂದು ಕಾಲಕ್ಕೆ ಯಾರೂ ಹೊರಬರದಂತೆ ಕಾಯುತ್ತಿದ್ದ ಜಾಗಕ್ಕೆ ಈಗ ಎಲ್ಲರೂ ಒಳಬರಬಹುದು.

ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂಭಾಗಕ್ಕೆ ಕನ್ಸರ್ವೆನ್ಸಿ ಎಂಬ ಓಣಿಗಳಿವೆ. ಬಹುಕಾಲ ಕಸ, ಮುರಿದ ಸಾಮಾನು, ಬೀದಿ ನಾಯಿಗಳ ಬಿಡಾರವಾಗಿದ್ದ ಜಾಗಗಳಿವು. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ನಂತರ ಇಂಥ ಹಲವು ಓಣಿಗಳನ್ನು ಚೊಕ್ಕಗೊಳಿಸಿ ಬಳಕೆಗೆ ತರಲಾಯಿತು. ತುಂಗೆಯ ದಂಡೆಯಲ್ಲೂ ನಡೆದಾಡುವ ದಾರಿ, ಉದ್ಯಾನ ರೂಪುಗೊಂಡವು. ಜಾಗ ಎಲ್ಲಿದೆ ಎಂದು ಕೇಳುವವರಿಗೆ ಈ ಓಣಿಗಳೇ ಉತ್ತರ. ಮಕ್ಕಳ ಆಟಕ್ಕೆ ಎಕರೆಗಟ್ಟಲೆ ಬೇಕಿಲ್ಲ. ಮನೆಯಿಂದ ನಡೆದೋ ಗಾಲಿಕುರ್ಚಿ ತಳ್ಳಿಕೊಂಡೋ ಹೋಗುವಷ್ಟು ಹತ್ತಿರದಲ್ಲಿ ಒಂದೆರಡು ಸೈಟಿನಷ್ಟು ನೆಲ ಇದ್ದರೆ ಸಾಕು.

ಹಾಗಾದರೆ ಮಕ್ಕಳು ಏಕೆ ಬರುವುದಿಲ್ಲ? ಉತ್ತರ ಗೇಟಿನಲ್ಲೇ ನಿಂತಿದೆ. ದನ ನುಗ್ಗದಿರಲಿ, ಬೈಕು ಒಳಬರದಿರಲಿ ಎಂದು ನಮ್ಮ ಊರುಗಳ ಪಾರ್ಕುಗಳಿಗೆ ಒಬ್ಬರೇ ತೂರಿಕೊಂಡು ಹೋಗುವ ಅಂಕುಡೊಂಕು ಗೇಟು ಹಾಕುವುದು ವಾಡಿಕೆ. ದನದ ಜೊತೆಗೆ ಗಾಲಿಕುರ್ಚಿಯೂ ಹೊರಗೆ ಉಳಿಯುತ್ತದೆ. ಊರುಗೋಲು ಹಿಡಿದ ಅಜ್ಜ, ಕೂಸಿನ ತಳ್ಳುಗಾಡಿ ತಂದ ತಾಯಿ, ಎಲ್ಲರೂ ಹೊರಗೇ. ಗೇಟು ದಾಟಿದರೆ ಎರಡು ಮೆಟ್ಟಿಲು, ಮೆಟ್ಟಿಲು ದಾಟಿದರೆ ಜಲ್ಲಿ ಸುರಿದ ದಾರಿ. ಅದನ್ನೂ ದಾಟಿದರೆ ಕೈಯಲ್ಲಿ ಬಲವಿದ್ದವರಿಗೆ ಮಾತ್ರ ಒದಗುವ ಜೋಕಾಲಿ, ಕಾಲಿನಲ್ಲಿ ಬಲವಿದ್ದವರಿಗೆ ಮಾತ್ರ ಒದಗುವ ಜಾರುಬಂಡೆ. ಇಷ್ಟೆಲ್ಲ ದಾಟಿ ಮಗುವನ್ನು ಕರೆತಂದ ತಾಯಿಗೆ ಕೊನೆಯಲ್ಲಿ ಎದುರಾಗುವುದು ಸುತ್ತಲಿನವರ ದಿಟ್ಟಿಸುವ ಕಣ್ಣು. ಒಮ್ಮೆ ಬಂದವಳು ಎರಡನೆಯ ಸಲ ಬಾರದಿದ್ದರೆ ಅದರಲ್ಲಿ ಆಕೆಯ ತಪ್ಪೇನಿಲ್ಲ.

ಅಡಿಕೆ ಹಾಳೆಯ ಪಾಠ

ಮಲೆನಾಡಿನ ಮಕ್ಕಳಿಗೆ ಜಾರುಬಂಡೆಯನ್ನು ಅಂಗಡಿಯಿಂದ ತಂದುಕೊಟ್ಟವರಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೇ ಅವರ ವಾಹನ. ಒಬ್ಬ ಹಾಳೆಯ ಮೇಲೆ ಕೂತು ಬಿಗಿಯಾಗಿ ಹಿಡಿದುಕೊಂಡರೆ ಇನ್ನೊಬ್ಬ ಸೋಗೆಯ ತುದಿ ಹಿಡಿದು ಎಳೆಯುತ್ತಾನೆ. ದಿಬ್ಬವಿದ್ದರೆ ಎಳೆಯುವವನೂ ಬೇಡ. ಈ ಆಟವನ್ನು ಸ್ವಲ್ಪ ಗಮನಿಸಿ ನೋಡಿ. ಕೂತವನಿಗೆ ಕಾಲಿನ ಬಲ ಬೇಕಿಲ್ಲ, ಎಳೆಯುವವನಿಗೆ ಕಿವಿ ಕೇಳಬೇಕಿಲ್ಲ. ಇಬ್ಬರಿದ್ದರೇ ಆಟ, ಇಬ್ಬರಿಗೂ ಸಮಪಾಲು ಖುಷಿ. ನಡೆಯಲಾಗದ ಮಗು ಇಲ್ಲಿ ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು.

ನೈಸರ್ಗಿಕ ಆಟದ ತಾಣ ಎಂದರೆ ಇದೇ. ಮಣ್ಣು, ಮರಳು, ನೀರು, ಮರದ ದಿಮ್ಮಿ, ಬಂಡೆ, ಬಿದಿರು, ದಿಬ್ಬ, ನೆರಳು. ಬಣ್ಣ ಬಳಿದ ಕಬ್ಬಿಣದ ಆಟಿಕೆಗೆ ಒಂದೇ ಬಳಕೆ, ಅದು ಆಗದವನಿಗೆ ಆಟವೇ ಇಲ್ಲ. ಮರಳಿನ ಗುಡ್ಡೆ ಹಾಗಲ್ಲ. ಮೂರು ವರ್ಷದ ಕೂಸು ಅದರಲ್ಲಿ ಕೈಯಾಡಿಸುತ್ತದೆ, ಹತ್ತು ವರ್ಷದವನು ಅಣೆಕಟ್ಟು ಕಟ್ಟುತ್ತಾನೆ, ಕಣ್ಣು ಕಾಣದವನು ಬೆರಳಿನಿಂದಲೇ ಊರು ಕಟ್ಟುತ್ತಾನೆ. ಮರಳು ಯಾರಿಗೂ 'ನಿನಗೆ ಬರುವುದಿಲ್ಲ' ಎನ್ನುವುದಿಲ್ಲ.

ಇದನ್ನು ಹೊರದೇಶದವರೂ ಬೇರೆ ದಾರಿಯಿಂದ ಕಂಡುಕೊಂಡರು. ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕಾರ ಸೋರೆನ್‌ಸೆನ್, ಅಂದವಾಗಿ ಕಟ್ಟಿದ ಆಟದಂಗಳಕ್ಕಿಂತ ಗುಜರಿ ಬಿದ್ದ ಬಯಲಿನಲ್ಲೇ ಮಕ್ಕಳು ಮೈಮರೆತು ಆಡುವುದನ್ನು ಗಮನಿಸಿದ್ದರು. 1943ರಲ್ಲಿ ಕೋಪನ್‌ಹೇಗನ್ನಿನ ಎಂಡ್ರಪ್ ಬಡಾವಣೆಯಲ್ಲಿ ಹಲಗೆ, ಇಟ್ಟಿಗೆ, ಮಣ್ಣು ತುಂಬಿದ ಆಟದ ಬಯಲು ತೆರೆಯಿತು. ಯುದ್ಧ ಮುಗಿದ ಮೇಲೆ ಅದನ್ನು ನೋಡಿ ಬಂದ ಬ್ರಿಟನ್ನಿನ ಲೇಡಿ ಅಲೆನ್ ತಮ್ಮ ದೇಶದಲ್ಲಿ ಅಂಥವನ್ನು ಹರಡಿದರು. ಅಂಗವೈಕಲ್ಯವುಳ್ಳ ಮಕ್ಕಳಿಗೂ ಸಾಹಸದ ಆಟ ಬೇಕು ಎಂದು ಹಟ ಹಿಡಿದು 1970ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಅದಕ್ಕೂ ಜಾಗ ಮಾಡಿಸಿದರು. ನಮ್ಮಲ್ಲಿ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಬಯಲಿಗೆ ಕರೆತಂದು ಕಲಿಕೆಯ ಪ್ರಯೋಗ ಮಾಡಿದ್ದನ್ನು ಕನ್ನಡಿಗರು ಮರೆತಿಲ್ಲ.

ಬೆಂಗಳೂರಿನ ತಾಯಂದಿರು

ಎಲ್ಲ ಮಕ್ಕಳೂ ಒಟ್ಟಿಗೆ ಆಡುವ ಪಾರ್ಕಿಗೆ ಕರ್ನಾಟಕದಲ್ಲೇ ಉದಾಹರಣೆ ಇದೆ. ಬೆಂಗಳೂರಿನಲ್ಲಿ ಅಂಗವೈಕಲ್ಯವುಳ್ಳ ಮಕ್ಕಳ ತಂದೆತಾಯಿಗಳು ಸೇರಿ 'ಕಿಲಿಕಿಲಿ' ಎಂಬ ಸಂಸ್ಥೆ ಕಟ್ಟಿಕೊಂಡರು. ನಮ್ಮ ಮಕ್ಕಳಿಗೆ ಚಿಕಿತ್ಸೆಯ ಕೋಣೆ ಇದೆ, ವಿಶೇಷ ಶಾಲೆ ಇದೆ, ಆಡಲು ಮಾತ್ರ ಜಾಗವಿಲ್ಲ ಎಂಬುದು ಅವರ ಕೊರಗು. ಬೇರೆಯೇ ಒಂದು ಪಾರ್ಕು ಕಟ್ಟಿಸಿಕೊಡಿ ಎಂದು ಅವರು ಕೇಳಲಿಲ್ಲ. ಇರುವ ಪಾರ್ಕಿನಲ್ಲೇ ಎಲ್ಲ ಮಕ್ಕಳೂ ಆಡುವಂತಾಗಲಿ ಎಂದರು. 2006ರ ಸುಮಾರಿಗೆ ಶುರುವಾದ ಈ ಕೆಲಸದಿಂದ, ನಗರಪಾಲಿಕೆಯ ನೆರವಿನೊಂದಿಗೆ ಕೋಲ್ಸ್ ಪಾರ್ಕಿನಲ್ಲಿ ಮೊದಲು, ಬಳಿಕ ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕ್ ಮತ್ತು ರಾಜಾಜಿನಗರದ ಗಾಯತ್ರಿದೇವಿ ಪಾರ್ಕುಗಳಲ್ಲಿ ಇಂಥ ಆಟದ ಜಾಗಗಳಾದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒರಗು ಇರುವ ಜೋಕಾಲಿ ತೂಗುಹಾಕುವುದು ಅರ್ಧ ಕೆಲಸ ಮಾತ್ರ. ಅಕ್ಕಪಕ್ಕದ ಮಕ್ಕಳನ್ನೂ ಕರೆದು ಎಲ್ಲರೂ ಕೂಡಿ ಆಡುವ ಸಂದರ್ಭಗಳನ್ನು ಕಲ್ಪಿಸುವುದು ಉಳಿದರ್ಧ. ಕೂಡಿ ಆಡಿದ ಮಕ್ಕಳಿಗೆ ದಿಟ್ಟಿಸಿ ನೋಡಲು ಪುರುಸೊತ್ತು ಇರುವುದಿಲ್ಲ.

ಕಬ್ಬಿಣ ಬಲ್ಲ ಕೈಗಳು

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿ.ಮೀ. ಬಸ್ಸೂ ಉಂಟು, ರೈಲೂ ಉಂಟು. ತುಂಗೆಯ ಊರನ್ನು ಬಿಟ್ಟು ಭದ್ರೆಯ ಊರಿಗೆ ಬಂದರೆ ಹವೆ ಅದೇ, ಊರಿನ ಸ್ವಭಾವ ಬೇರೆ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು. ಕಲ್ಲಿದ್ದಲು ದೂರ, ಕಾಡು ಹತ್ತಿರ. ಹಾಗಾಗಿ ಮಲೆನಾಡಿನ ಸೌದೆಯ ಇದ್ದಿಲಿನಿಂದಲೇ ಇಲ್ಲಿ ಮೊದಲು ಕಬ್ಬಿಣ ಕರಗಿತು. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆಯ ಜೊತೆಗೆ ಕಾಗದದ ಕಾರ್ಖಾನೆಯೂ ಬಂತು. ನ್ಯೂಟೌನ್, ಕಾಗದನಗರ ಎಂಬ ಬಡಾವಣೆಗಳೆದ್ದವು. ಕೆಲಸ ಹುಡುಕಿ ಬಂದ ತಮಿಳು, ತೆಲುಗು, ಮಲಯಾಳಂ, ಉರ್ದು ಮಾತಿನವರು ಕನ್ನಡಿಗರೊಂದಿಗೆ ಬೆರೆತರು.

ಇಂದು ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ಹಲವು ವರ್ಷಗಳಾಗಿವೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದರು. ಆಟದ ಪಾರ್ಕಿನ ಮಾತಿನಲ್ಲಿ ಕಾರ್ಖಾನೆ ಏಕೆ ಬಂತು ಎನ್ನಬೇಡಿ. ಫಿಟ್ಟರ್, ವೆಲ್ಡರ್, ಟರ್ನರ್, ಮೌಲ್ಡರ್ ಆಗಿ ದುಡಿದು ನಿವೃತ್ತರಾದವರು ಈ ಊರಿನ ಕೇರಿ ಕೇರಿಯಲ್ಲಿದ್ದಾರೆ. ಜೋಕಾಲಿಗೆ ಬೆನ್ನಿನ ಒರಗು, ನೆಲದ ಮಟ್ಟಕ್ಕೇ ತಿರುಗುವ ಗಾಲಿಬಂಡಿ, ಗಾಲಿಕುರ್ಚಿ ಹಿಡಿಸುವ ಅಗಲದ ಗೇಟು, ಬಾರಿಸಿದರೆ ಒಂದೊಂದೂ ಒಂದೊಂದು ಸ್ವರ ಹೊರಡಿಸುವ ಕೊಳವೆಗಳ ಸಾಲು, ಇವುಗಳನ್ನು ದೂರದ ಕಂಪನಿಯಿಂದ ತರಿಸಬೇಕಾಗಿಲ್ಲ. ಅಳತೆ ಕೊಟ್ಟರೆ ಮಾಡಬಲ್ಲವರು ಇಲ್ಲೇ ಇದ್ದಾರೆ. ಮುರಿದರೆ ಸರಿಮಾಡುವವರೂ ಅವರೇ. ಶಿವಮೊಗ್ಗದ ಕಡೆಯಿಂದ ಬಿದಿರು, ಹಾಳೆ, ಜಂಬಿಟ್ಟಿಗೆ ಬಂದರೆ ಭದ್ರಾವತಿಯಿಂದ ಕಬ್ಬಿಣದ ಕೆಲಸ ಬರುತ್ತದೆ.

ನಕ್ಷೆಗಿಂತ ಮೊದಲು ಮಾತು

ಇಂಥ ತಾಣವನ್ನು ಯೋಜಿಸುವಾಗ ಎಂಜಿನಿಯರ್ ಪೆನ್ಸಿಲ್ ಹಿಡಿಯುವ ಮೊದಲು ಆಗಬೇಕಾದ ಕೆಲಸ, ಕೇಳುವುದು. ವಾರ್ಡಿನಲ್ಲಿ ಯಾವ ಯಾವ ಮನೆಯಲ್ಲಿ ಎಂಥ ಮಕ್ಕಳಿದ್ದಾರೆ ಎಂಬುದು ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಸಭೆಗೆ ಬರಲಾಗದವರ ಮನೆಗೇ ಹೋಗಿ ಕೇಳಬೇಕು. ಶಿವಮೊಗ್ಗದಲ್ಲಿ ಶಾರದಾದೇವಿ ಅಂಧರ ವಿಕಾಸ ಕೇಂದ್ರವಿದೆ. ಕಣ್ಣು ಕಾಣದವರಿಗೆ ಪಾರ್ಕು ಹೇಗಿರಬೇಕು ಎಂಬುದನ್ನು ಅಲ್ಲಿನವರಿಗಿಂತ ಚೆನ್ನಾಗಿ ಹೇಳಬಲ್ಲವರು ಯಾರು? ಮಾತು ಬಾರದ ಮಗು ಮಣ್ಣಿನಲ್ಲಿ ಮಾದರಿ ಮಾಡಿ ತೋರಿಸೀತು. ಅಜ್ಜ ಅಜ್ಜಿಯರನ್ನೂ ಕೇಳಬೇಕು, ಮೊಮ್ಮಕ್ಕಳನ್ನು ಕರೆತರುವವರು ಅವರೇ.

ಅನಂತರ ಅಳತೆ. ಗೇಟಿನ ತೆರವು ಕನಿಷ್ಠ 3 ಅಡಿ. ದಾರಿಯ ಅಗಲ 4 ಅಡಿಗೆ ಕಡಿಮೆ ಇರಬಾರದು; 6 ಅಡಿ ಇದ್ದರೆ ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಸಾಗಬಹುದು. ಗಾಲಿಕುರ್ಚಿ ತಿರುಗಲು 5 ಅಡಿ ಸುತ್ತಳತೆಯಲ್ಲ, 5 ಅಡಿ ಅಡ್ಡಳತೆಯ ಜಾಗ ಬೇಕು. ಇಳಿಜಾರು 12 ಅಡಿಗೆ 1 ಅಡಿಗಿಂತ ಕಡಿದಾಗಿರಬಾರದು. ಅಂದರೆ 3 ಅಡಿ ಎತ್ತರದ ದಿಬ್ಬ ಏರಲು 36 ಅಡಿ ದಾರಿ ಬೇಕು. ಅದನ್ನು ನೇರವಾಗಿ ಹಾಕದೆ ದಿಬ್ಬದ ಸುತ್ತ ಬಳಸಿ, ನಡುವೆ ಸುಧಾರಿಸಿಕೊಳ್ಳಲು ಸಮತಟ್ಟು ಜಾಗ ಬಿಟ್ಟರೆ ಏರುವುದೇ ಒಂದು ಆಟವಾಗುತ್ತದೆ. ಗಾಲಿಕುರ್ಚಿಯ ಮಗು ಮೊದಲ ಸಲ ಎಲ್ಲರಿಗಿಂತ ಎತ್ತರದಲ್ಲಿ ನಿಂತು ಊರು ನೋಡುತ್ತದೆ. ದಿಬ್ಬದ ಇನ್ನೊಂದು ಮಗ್ಗುಲು ಹುಲ್ಲಿನ ಇಳಿಜಾರು, ಹಾಳೆಯ ಆಟಕ್ಕೆ. ಹೊಟ್ಟೆಯೊಳಗೆ ದೊಡ್ಡ ಸಿಮೆಂಟ್ ಪೈಪು ಹೂತರೆ ಸುರಂಗ.

ಮರಳಿನ ಹೊಂಡ ಎರಡು ಇರಲಿ. ಒಂದು ನೆಲದಲ್ಲಿ, ಇನ್ನೊಂದು ಎರಡೂವರೆ ಅಡಿ ಎತ್ತರದ ಕಟ್ಟೆಯ ಮೇಲೆ, ಕೆಳಗೆ ಮೊಣಕಾಲು ತೂರುವಷ್ಟು ಜಾಗ ಬಿಟ್ಟು. ರಾತ್ರಿ ನಾಯಿ ಬೆಕ್ಕು ಗಲೀಜು ಮಾಡದಂತೆ ಮುಚ್ಚಿಗೆ ಬೇಕು. ಜೋಕಾಲಿ, ಜಾರುಬಂಡೆಗಳ ಕೆಳಗೆ ಕನಿಷ್ಠ ಒಂದಡಿ ಆಳಕ್ಕೆ ಮೆತ್ತನೆಯ ಮರಳು. ಕೈಪಂಪು ಒತ್ತಿದರೆ ಕಲ್ಲಿನ ಕಾಲುವೆಯಲ್ಲಿ ಹರಿದು ಗಿಡಗಳ ಬುಡ ಸೇರುವ ನೀರು. ನಿಂತರೆ ಸೊಳ್ಳೆ, ಸೊಳ್ಳೆಯಿಂದ ಡೆಂಗಿ, ಆದ್ದರಿಂದ ನೀರು ಹರಿಯುತ್ತಲೇ ಇರಬೇಕು. ಇಲ್ಲಿನ ಮಳೆಗಾಲಕ್ಕೆ ನಯವಾದ ಟೈಲ್ಸ್ ಶತ್ರು. ಪಾಚಿ ಕಟ್ಟಿದರೆ ಊರುಗೋಲಿನವರು ಜಾರಿ ಬೀಳುತ್ತಾರೆ. ಒರಟು ಮೈಯ ಕಲ್ಲು ಅಥವಾ ಕಾಂಕ್ರೀಟು, ಪಕ್ಕದಲ್ಲಿ ಚರಂಡಿ, ಇವು ವಾಸಿ. ದಾರಿಯ ಒಂದು ಅಂಚಿಗೆ ಉದ್ದಕ್ಕೂ ಏಣು ಕಟ್ಟಿದರೆ ಕಣ್ಣು ಕಾಣದವರ ಕೋಲಿಗೆ ಅದೇ ದಾರಿದೀಪ.

ಗಿಡಗಳೂ ಮಾತನಾಡಬೇಕು. ಸಂಪಿಗೆ, ರಂಜದ ಮರಗಳು ವಾಸನೆಯಿಂದ, ದೊಡ್ಡಪತ್ರೆ ದಪ್ಪ ಎಲೆಯ ಸ್ಪರ್ಶದಿಂದ, ಬಿದಿರು ಗಾಳಿಯ ಸದ್ದಿನಿಂದ ತಾವಿರುವ ಮೂಲೆಯನ್ನು ಗುರುತು ಹೇಳುತ್ತವೆ. ನೆರಳಿಗೆ ಹೊಂಗೆ, ನೇರಳೆ. ಕಣಗಿಲೆ, ದತ್ತೂರಿ, ಗುಲಗಂಜಿ ಮಾತ್ರ ಬೇಡವೇ ಬೇಡ. ಗುಲಗಂಜಿಯ ಕೆಂಪು ಬೀಜ ಮಕ್ಕಳನ್ನು ಸೆಳೆಯುತ್ತದೆ, ಅದು ಕಡುವಿಷ. ಆಟದ ಜಾಗದ ಪಕ್ಕ ಪೊದೆ ಬೆಳೆಯಲು ಬಿಡಬಾರದು, ಹಾವಿನ ಭಯ. ಒಂದು ಮೂಲೆಯಲ್ಲಿ ಬಿದಿರಿನ ಪುಟ್ಟ ಗೂಡು ಇರಲಿ. ಆಟಿಸಂ ಇರುವ ಮಗುವಿಗೆ ಗದ್ದಲ ಮಿತಿಮೀರಿದಾಗ ಒಳಹೊಕ್ಕು ಸುಮ್ಮನೆ ಕೂರಲು ಅದು ಬೇಕು. ಅಂಥ ಮಕ್ಕಳಲ್ಲಿ ಕೆಲವರು ಇದ್ದಕ್ಕಿದ್ದಂತೆ ಓಡಿಬಿಡುತ್ತಾರೆ. ಹಾಗಾಗಿ ಸುತ್ತ ಬೇಲಿ, ಬಂದು ಹೋಗಲು ಒಂದೇ ದಾರಿ, ಇಡೀ ಜಾಗ ಕಾಣುವಂತೆ ದೊಡ್ಡವರಿಗೆ ಕಲ್ಲಿನ ಬೆಂಚು. ಗಾಲಿಕುರ್ಚಿ ಒಳಹೋಗುವ ಶೌಚಾಲಯ ಇಲ್ಲದಿದ್ದರೆ ಮೇಲಿನದೆಲ್ಲ ವ್ಯರ್ಥ. ಅರ್ಧ ಗಂಟೆಗೆ ಆ ಕುಟುಂಬ ಮನೆಗೆ ಹೊರಡಬೇಕಾಗುತ್ತದೆ.

ತರಚು ಗಾಯದ ಹಕ್ಕು

ಬಿದ್ದರೆ ಏನು ಗತಿ ಎಂಬುದು ತಂದೆತಾಯಿಗಳ ಸಹಜ ಆತಂಕ. ತುಕ್ಕು ಹಿಡಿದ ಮೊಳೆ, ಬಿರುಕು ಬಿಟ್ಟ ಹಲಗೆ, ಮುಚ್ಚಳವಿಲ್ಲದ ಗುಂಡಿ ಇವು ಅಪಾಯಗಳು, ಇವುಗಳನ್ನು ತೆಗೆಯಲೇಬೇಕು. ಆದರೆ ದಿಮ್ಮಿಯ ಮೇಲೆ ನಡೆಯುವಾಗ ಎದೆ ಢವಗುಟ್ಟುವುದು ಅಪಾಯವಲ್ಲ, ಕಲಿಕೆ. ಮೊಣಕಾಲು ತರಚಿಕೊಂಡು ಮತ್ತೆ ಏಳುವುದನ್ನು ಪ್ರತಿ ಮಗುವೂ ಕಲಿಯಬೇಕು. ಅಂಗವೈಕಲ್ಯವುಳ್ಳ ಮಗುವನ್ನು ಪ್ರೀತಿಯಿಂದಲೇ ಎತ್ತಿ ಎತ್ತಿ ಇಡುತ್ತೇವೆ, ಆ ಪ್ರೀತಿಯೇ ಅದರ ಆಟ ಕಸಿಯುತ್ತದೆ.

ಕಾನೂನು ಮಕ್ಕಳ ಪರವಾಗಿದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕು ಎಂದು ಸಾರಿದೆ. ಭಾರತ ಅದಕ್ಕೆ 1992ರಲ್ಲಿ ಒಪ್ಪಿಗೆ ಹಾಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ ವೈಕಲ್ಯಗಳನ್ನು 7ರಿಂದ 21ಕ್ಕೆ ಏರಿಸಿತಲ್ಲದೆ ಕ್ರೀಡೆ, ಮನರಂಜನೆಗಳಲ್ಲೂ ಸಮಾನ ಅವಕಾಶ ಇರಬೇಕೆಂದಿತು. ಉದ್ಯಾನ, ಆಟದ ಮೈದಾನಗಳನ್ನು ಉಳಿಸಿಕೊಳ್ಳಲು ಕರ್ನಾಟಕದಲ್ಲಿ 1985ರಿಂದ ಕಾಯ್ದೆಯೇ ಇದೆ.

ಕಟ್ಟುವುದಕ್ಕಿಂತ ಕಷ್ಟ ಕಾಪಾಡುವುದು. ಉದ್ಘಾಟನೆಯ ರಿಬ್ಬನ್ ಕತ್ತರಿಸಿದ ಆರು ತಿಂಗಳಿಗೆ ಜೋಕಾಲಿಯ ಒಂದು ಸರಪಳಿ ಕಳಚಿರುತ್ತದೆ, ಕೈಪಂಪಿನ ಹಿಡಿ ಮುರಿದಿರುತ್ತದೆ. ಹಾಗಾಗಿ ಕಟ್ಟುವ ಹಣದ ಜೊತೆಗೇ ವರ್ಷ ವರ್ಷದ ದುರಸ್ತಿಯ ಹಣವನ್ನೂ ಎತ್ತಿಡಬೇಕು. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮರದ ದಿಮ್ಮಿಗಳನ್ನು ತಟ್ಟಿ ನೋಡಿ ಗೆದ್ದಲು ಹಿಡಿದಿದ್ದರೆ ಬದಲಿಸಬೇಕು. ಬಡಾವಣೆಯ ನಿವಾಸಿಗಳು, ಹತ್ತಿರದ ಶಾಲೆ, ಒಬ್ಬಿಬ್ಬರು ನಿವೃತ್ತ ಫಿಟ್ಟರುಗಳು ಸೇರಿ ಒಂದು ಸಮಿತಿಯಾದರೆ ಪಾಲಿಕೆ, ನಗರಸಭೆಗಳಿಗೆ ಅರ್ಧ ಭಾರ ಇಳಿಯುತ್ತದೆ.

ಅಲ್ಲಿಯವರೆಗೆ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದು ಮನೆ ಹತ್ತಿರದ ಪಾರ್ಕಿಗೆ ಹೋಗಿ. ಗೇಟು ಎಷ್ಟು ಅಗಲ, ಮೆಟ್ಟಿಲು ಎಷ್ಟು, ದಾರಿ ಎಲ್ಲಿ ತುಂಡಾಗಿದೆ, ನೆರಳು ಎಲ್ಲಿದೆ ಎಂದು ಬರೆದುಕೊಳ್ಳಿ. ಸಾಧ್ಯವಾದರೆ ಬೀದಿಯ ಆ ಇನ್ನೊಂದು ಮಗುವನ್ನೂ, ಅದರ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆ ಪಟ್ಟಿಯನ್ನು ಒಂದು ಅರ್ಜಿಯ ಜೊತೆ ಲಗತ್ತಿಸಿ ಶಿವಮೊಗ್ಗದವರು ಮಹಾನಗರಪಾಲಿಕೆಗೆ, ಭದ್ರಾವತಿಯವರು ನಗರಸಭೆಗೆ ಕೊಡಿ. ಮೊದಲು ಗೇಟೊಂದು ಅಗಲವಾದರೂ ಸಾಕು. ಮಕ್ಕಳು ಒಳಗೆ ಬಂದ ಮೇಲೆ ಉಳಿದ ಆಟವನ್ನು ಅವರೇ ಕಂಡುಹಿಡಿದುಕೊಳ್ಳುತ್ತಾರೆ.